ಗೋಡೆ ಬಿದ್ದ ಮೇಲೆ ಉಳಿಯುವುದು ದಾಖಲೆ: ಕಿಲ್ಲಾರಿ, ಭುಜ್ ಮತ್ತು ನಮ್ಮ ಮುಂಬಯಿ

ಭೂಕಂಪ ಸಂಭವಿಸಿದಾಗ ಪತ್ರಿಕೆಗಳಲ್ಲಿ ಎರಡು ಅಂಕಿಗಳು ಪ್ರಧಾನವಾಗಿ ಕಾಣಿಸುತ್ತವೆ: ಕಂಪನದ ತೀವ್ರತೆ ಹಾಗೂ ಮೃತರ ಸಂಖ್ಯೆ. ಕೆಲವು ವಾರಗಳಲ್ಲಿ ಅವು ಹಿಂದೆ ಸರಿಯುತ್ತವೆ. ಸಂತ್ರಸ್ತರ ಪಾಲಿಗೆ ಆಗ ಮೂರನೆಯ ಲೆಕ್ಕವೊಂದು ಆರಂಭವಾಗುತ್ತದೆ. ಯಾರ ಮನೆ ಎಷ್ಟು ಹಾಳಾಯಿತು? ಅದು ಯಾರ ಹೆಸರಿನಲ್ಲಿತ್ತು? ಯಾರಿಗೆ ಏನು ಸಲ್ಲಬೇಕು? ಈ ಲೆಕ್ಕ ಮುಗಿಯಲು ವರ್ಷಗಳೇ ಬೇಕಾಗುತ್ತವೆ. ಮುಂಬಯಿಯಲ್ಲಿ ನೆಲೆನಿಂತ ಕನ್ನಡಿಗರು ಇದನ್ನು ಕುರಿತು ಈಗಲೇ ಯೋಚಿಸುವುದು ಉಚಿತ.

ನಮಗೆ ಸಮೀಪದ ನಿದರ್ಶನ ಲಾತೂರು ಜಿಲ್ಲೆಯ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 3 ಗಂಟೆ 56 ನಿಮಿಷಕ್ಕೆ, ಅನಂತ ಚತುರ್ದಶಿಯ ಗಣೇಶ ವಿಸರ್ಜನೆ ಮುಗಿಸಿ ಜನರು ನಿದ್ರಿಸುತ್ತಿದ್ದಾಗ ಭೂಮಿ ನಡುಗಿತು. ತೀವ್ರತೆ 6.2. ಸರಕಾರದ ಲೆಕ್ಕದಂತೆ 7,928 ಮಂದಿ ಅಸುನೀಗಿದರು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಅವುಗಳ ಮೇಲೆ ಮರದ ತೊಲೆ ಹೊತ್ತ ಭಾರವಾದ ಮಣ್ಣಿನ ಮಾಳಿಗೆ: ಬಿಸಿಲಿನಿಂದ ಕಾಪಾಡುತ್ತಿದ್ದ ಮನೆಗಳೇ ಪ್ರಾಣಕ್ಕೆ ಮುಳುವಾದವು. ಉಮರ್ಗಾ ಸೀಮೆಗೆ ಹೊಂದಿಕೊಂಡಿರುವ ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳಲ್ಲಿಯೂ ಮನೆಗಳಿಗೆ ಹಾನಿಯಾಯಿತು.

ಆ ಪ್ರದೇಶವು ಅಂದಿನ ನಕ್ಷೆಯಲ್ಲಿ ಭೂಕಂಪದ ಭಯ ಅತ್ಯಂತ ಕಡಿಮೆಯಿರುವ ಒಂದನೆಯ ವಲಯದಲ್ಲಿತ್ತು ಎಂಬುದು ಗಮನಾರ್ಹ. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ರದ್ದುಗೊಳಿಸಿ, ಲಾತೂರನ್ನು ಮೂರನೆಯ ವಲಯಕ್ಕೆ ಸೇರಿಸಲಾಯಿತು. ಅದೇ ನಕ್ಷೆಯಲ್ಲಿ ಮುಂಬಯಿಯೂ ಮೂರನೆಯ ವಲಯದಲ್ಲಿಯೇ ಇತ್ತು. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪದ ನಡುಕ ಈ ಮಹಾನಗರವನ್ನೂ ತಲುಪಿತ್ತು.

ಕಿಲ್ಲಾರಿಯ ಪುನರ್ವಸತಿ ವಿಶ್ವಬ್ಯಾಂಕಿನ ನೆರವಿನಿಂದ ನಡೆಯಿತು. ತೀವ್ರವಾಗಿ ಹಾನಿಗೊಳಗಾದ 52 ಗ್ರಾಮಗಳನ್ನು ಹೊಸ ಜಾಗಗಳಿಗೆ ಸ್ಥಳಾಂತರಿಸಲಾಯಿತು. ಅಲ್ಲಿ ಮನೆಯ ವಿಸ್ತೀರ್ಣವನ್ನು ನಿರ್ಧರಿಸಿದ್ದು ಜಮೀನಿನ ದಾಖಲೆ. ಭೂಹೀನರಿಗೆ ಹಾಗೂ ಅತಿಸಣ್ಣ ಹಿಡುವಳಿದಾರರಿಗೆ 250 ಚದರ ಅಡಿ, ಮಧ್ಯಮ ಹಿಡುವಳಿದಾರರಿಗೆ 400, ದೊಡ್ಡ ಹಿಡುವಳಿದಾರರಿಗೆ 750. ದುರಂತ ಎಲ್ಲರನ್ನೂ ಒಂದೇ ಬಯಲಿನಲ್ಲಿ ನಿಲ್ಲಿಸಿತ್ತು. ಸಾತ್‌ಬಾರಾ ಉತಾರ ಅವರನ್ನು ಮತ್ತೆ ವಿಂಗಡಿಸಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಸ್ಥಳಾಂತರವಾಗದ ನೂರಾರು ಹಳ್ಳಿಗಳಲ್ಲಿ ಮನೆಗಳ ದುರಸ್ತಿಯನ್ನು ಮನೆಯವರೇ ಮಾಡಿಸಿಕೊಳ್ಳಬೇಕಿತ್ತು. ಅಲ್ಲಿ 'ಸ್ವಯಂ ಶಿಕ್ಷಣ ಪ್ರಯೋಗ' ಸಂಸ್ಥೆಯ ಆಶ್ರಯದಲ್ಲಿ ಗ್ರಾಮೀಣ ಮಹಿಳೆಯರು 'ಸಂವಾದ ಸಹಾಯಕ'ರಾಗಿ ದುಡಿದರು. ಸರಕಾರದ ಯೋಜನೆಯನ್ನು ಮನೆಮನೆಗೆ ತಿಳಿಸುವುದು, ಮನೆಯವರ ದೂರುಗಳನ್ನು ಅಧಿಕಾರಿಗಳಿಗೆ ಮುಟ್ಟಿಸುವುದು, ಕಾಮಗಾರಿ ಸರಿಯಿದೆಯೇ ಎಂದು ನೋಡುವುದು ಅವರ ಕೆಲಸವಾಗಿತ್ತು. 2001ರ ಭೂಕಂಪದ ನಂತರ ಇದೇ ಮಹಿಳೆಯರು ತಮ್ಮ ಅನುಭವ ಹಂಚಿಕೊಳ್ಳಲು ಕಚ್ಛಕ್ಕೂ ತೆರಳಿದರು.

ಭುಜ್‌ನ ಪಾಠ ನಗರವಾಸಿಗಳಾದ ನಮಗೆ ಇನ್ನೂ ನಿಕಟವಾದುದು. 2001ರ ಜನವರಿ 26ರ ನಂತರ ಗುಜರಾತಿನಲ್ಲಿ ಮನೆಗಳ ಹಾನಿಯನ್ನು ಜಿ-1ರಿಂದ ಜಿ-5ರವರೆಗೆ ಐದು ದರ್ಜೆಗಳಲ್ಲಿ ದಾಖಲಿಸಲಾಯಿತು. ಒಂದು ದರ್ಜೆ ಏರಿದರೆ ಪರಿಹಾರವೂ ಏರುತ್ತಿತ್ತು. ಭುಜ್‌ನ ಹಳೆಯ ಪೇಟೆಯಲ್ಲಿ ಇಕ್ಕಟ್ಟಾದ ಓಣಿಗಳನ್ನು ಅಗಲಗೊಳಿಸಲು ನಿವೇಶನಗಳಿಂದ ಸ್ವಲ್ಪ ಭಾಗವನ್ನು ಪಡೆಯಬೇಕಾಯಿತು. ದೊಡ್ಡ ನಿವೇಶನದವರಿಂದ ಹೆಚ್ಚಿನ ಪ್ರಮಾಣ, ಸಣ್ಣವರಿಂದ ಕಡಿಮೆ. ಆದರೆ ಈ ವ್ಯವಸ್ಥೆಯೆಲ್ಲವೂ ಮಾಲಿಕರಿಗಾಗಿ ರೂಪುಗೊಂಡಿತ್ತು. ಬಾಡಿಗೆದಾರರ ಪುನರ್ವಸತಿ ಬಹಳ ತಡವಾಯಿತು.

ಇದನ್ನು ಓದುವಾಗ ಮುಂಬಯಿಯ ಪಗಡಿ ಕೋಣೆಗಳು ಕಣ್ಣಮುಂದೆ ಬರುವುದು ಸಹಜ. ನಮ್ಮ ಹಿರಿಯರನೇಕರು ಹೊಟೇಲುಗಳಲ್ಲಿ, ಗಿರಣಿಗಳಲ್ಲಿ ದುಡಿದು ಬಾಳಿದ್ದು ಇಂತಹ ಚಾಳುಗಳಲ್ಲಿಯೇ. 1969ರಲ್ಲಿ ದ್ವೀಪನಗರದಲ್ಲಿ ದುರಸ್ತಿ ಸೆಸ್ ವ್ಯಾಪ್ತಿಗೆ ಒಳಪಟ್ಟ ಕಟ್ಟಡಗಳ ಸಂಖ್ಯೆ 19,642. ಅವುಗಳಲ್ಲಿ ಸಾವಿರಾರು ಇಂದಿಗೂ ನಿಂತಿವೆ. ಉಪನಗರಗಳ ಸ್ಥಿತಿಯೂ ನಿಶ್ಚಿಂತವಲ್ಲ. 2013ರಲ್ಲಿ ಮುಂಬ್ರಾದಲ್ಲಿ 74 ಮಂದಿ, 2017ರಲ್ಲಿ ಘಾಟ್ಕೋಪರದಲ್ಲಿ 17 ಮಂದಿ ಕಟ್ಟಡ ಕುಸಿದು ಸತ್ತರು. ಆ ದಿನಗಳಲ್ಲಿ ಭೂಮಿ ನಡುಗಿರಲಿಲ್ಲ ಎಂಬುದನ್ನು ಮರೆಯಲಾಗದು.

ಕಾನೂನು ಇಲ್ಲದಿಲ್ಲ. ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 353-ಬಿ ಕಲಮಿನ ಪ್ರಕಾರ 30 ವರ್ಷ ಮೀರಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಆದರೆ ಸೊಸೈಟಿಯ ಮಹಾಸಭೆಗಳಲ್ಲಿ ಬಣ್ಣ ಹೊಡೆಸುವುದಕ್ಕೆ ಸಿಗುವ ಒಪ್ಪಿಗೆ ಕಂಬಗಳ ಪರೀಕ್ಷೆಗೆ ಸುಲಭವಾಗಿ ಸಿಗುವುದಿಲ್ಲ. ವರದಿ ಪ್ರತಿಕೂಲವಾಗಿ ಬಂದರೆ ಮನೆ ಬಿಡಬೇಕಾದೀತೆಂಬ ಭಯ ಅದರ ಹಿಂದಿದೆ. ಕೈಯಲ್ಲಿ ಗಟ್ಟಿಯಾದ ದಾಖಲೆಯಿದ್ದವರಿಗೆ ಆ ಭಯ ಅಷ್ಟರಮಟ್ಟಿಗೆ ಕಡಿಮೆ. ಹೀಗೆ ದಾಖಲೆಯ ಪ್ರಶ್ನೆಯೂ ಸುರಕ್ಷತೆಯ ಪ್ರಶ್ನೆಯೂ ಒಂದಕ್ಕೊಂದು ಹೆಣೆದುಕೊಂಡಿವೆ.

ಮೂರು ದಶಕಗಳಿಂದ ಬ್ಯಾಂಕಿನಲ್ಲಿ ಸಾಲದ ಕಾಗದಪತ್ರಗಳನ್ನು ನೋಡುತ್ತ ಬಂದ ನನಗೆ ಕಂಡುಬರುವ ಸಾಮಾನ್ಯ ಕೊರತೆಗಳಿವು: ತಂದೆ ತೀರಿಕೊಂಡು ಹತ್ತು ವರ್ಷವಾದರೂ ಶೇರು ಸರ್ಟಿಫಿಕೇಟು ಅವರ ಹೆಸರಿನಲ್ಲಿಯೇ ಇರುತ್ತದೆ, ನಾಮಿನಿಯ ಹೆಸರು ಇರುವುದಿಲ್ಲ. ಸೊಸೈಟಿಯ ಹೆಸರಿಗೆ ಜಮೀನಿನ ಕನ್ವೆಯನ್ಸ್ ಆಗಿರುವುದಿಲ್ಲ. ಕಟ್ಟಡ ನಿಂತಿರುವಾಗ ಇವೆಲ್ಲ ಕ್ಷುಲ್ಲಕವೆನಿಸುತ್ತವೆ. ಕಟ್ಟಡ ಬಿದ್ದ ದಿನ ಉಳಿಯುವ ಆಸ್ತಿ ಜಮೀನೊಂದೇ. ಅದೇ ನಮ್ಮ ಹೆಸರಿನಲ್ಲಿಲ್ಲದಿದ್ದರೆ ಹಕ್ಕು ಕೇಳುವುದೆಲ್ಲಿ? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ಎಷ್ಟೋ ಮನೆಗಳಲ್ಲಿ ಇದ್ದ ದಾಖಲೆಗಳೂ ನೀರುಪಾಲಾದವು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೇನು ಫಲ? ನಮ್ಮ ಕನ್ನಡ ಸಂಘಗಳು ಯಕ್ಷಗಾನ, ನಾಟಕ, ಸನ್ಮಾನಗಳನ್ನು ಶ್ರದ್ಧೆಯಿಂದ ನಡೆಸುತ್ತವೆ. ವರ್ಷದಲ್ಲಿ ಒಂದು ಭಾನುವಾರವನ್ನು ಇದಕ್ಕೂ ಮೀಸಲಿಡಬಹುದು. ನಮ್ಮಲ್ಲಿಯೇ ಇಂಜಿನಿಯರುಗಳಿದ್ದಾರೆ, ವಕೀಲರಿದ್ದಾರೆ, ನಿವೃತ್ತ ಬ್ಯಾಂಕ್ ನೌಕರರಿದ್ದಾರೆ. ಹಳೆಯ ಕಟ್ಟಡಗಳಲ್ಲಿ ಒಂಟಿಯಾಗಿರುವ ಹಿರಿಯರ ಕಾಗದಪತ್ರಗಳನ್ನು ಸರಿಪಡಿಸಿಕೊಡುವುದು, ಸೊಸೈಟಿಗಳಿಗೆ ಆಡಿಟ್ ಹಾಗೂ ಕನ್ವೆಯನ್ಸ್ ಕುರಿತು ಸಲಹೆ ನೀಡುವುದು ಇವರಿಗೆ ಕಷ್ಟವಲ್ಲ. ಲಾತೂರಿನ ಹಳ್ಳಿಯ ತಾಯಂದಿರು ಭೂಕಂಪವಾದ ಮೇಲೆ ಮಾಡಿದ ಕೆಲಸವನ್ನು ನಾವು ಅದಕ್ಕೆ ಮೊದಲೇ ಮಾಡಬಲ್ಲೆವು.