ಯುದ್ಧ ಅವರದು, ಸೌದೆ ನಮ್ಮವ್ವನ ತಲೆ ಮೇಲೆ

2022ರ ಏಪ್ರಿಲ್ ತಿಂಗಳು. ನಾನು ಓದಿದ ಕಾಲೇಜಿನಲ್ಲಿ ಉಕ್ರೇನ್ ಯುದ್ಧದ ಬಗ್ಗೆ ಒಂದು ವಿಚಾರಗೋಷ್ಠಿ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಇಸ್ತ್ರಿ ಮುರಿಯದ ಜುಬ್ಬದ ವಿದ್ವಾಂಸರೊಬ್ಬರು ಮುಕ್ಕಾಲು ಗಂಟೆ ಮಾತಾಡಿದರು. ನ್ಯಾಟೋ ಎಂದರು, ಕೀವ್ ಎಂದರು. ಕೊನೆಗೆ ಕನ್ನಡಕ ತೆಗೆದು ಒರೆಸುತ್ತಾ, 'ಪ್ರಪಂಚವೇ ಹೊತ್ತಿ ಉರಿಯುತ್ತಿರುವಾಗ ಪೆಟ್ರೋಲಿಗೆ ಹತ್ತು ರೂಪಾಯಿ ಜಾಸ್ತಿಯಾಯಿತೆಂದು ಗೊಣಗುವುದು ಸಣ್ಣತನ. ಸ್ವಲ್ಪ ಕಾಲ ನಾವೆಲ್ಲರೂ ಸಹಿಸಿಕೊಳ್ಳಬೇಕು' ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ರಾತ್ರಿ ಊರಿಗೆ ಹೋದೆ. ಗುಂಡ್ಲುಪೇಟೆ ಸೀಮೆಯ ಒಂದು ಹೊಲಗೇರಿ ನಮ್ಮದು. ಬೆಳಗಿನ ಜಾವ ಎದ್ದು ನೋಡಿದರೆ ಅವ್ವ ಮನೇಲಿಲ್ಲ. ಬೆಳಕು ಹರಿಯೋ ಹೊತ್ತಿಗೆ ತಲೆ ಮೇಲೆ ಜಾಲಿ ಸೌದೆ ಹೊರೆ ಹೊತ್ಕೊಂಡು ಬಂದಳು. ಮೂಲೆಯಲ್ಲಿ ಸಿಲಿಂಡರು ನಿಂತಿತ್ತು. ಅದರ ಮೇಲೆ ರಾಗಿ ಹಿಟ್ಟಿನ ಡಬ್ಬ. 'ಯಾಕವ್ವ, ಗ್ಯಾಸ್ ತುಂಬಿಸಿಲ್ವಾ?' ಅಂದೆ. ಕಾಸಿಲ್ಲ ಅಂದಳು. ನಾನು ಹಿಂದಿನ ದಿನ ಕಲಿತ ಪಾಠ ಒಪ್ಪಿಸಿದೆ: ರಷ್ಯಾ, ಉಕ್ರೇನ್, ಎಣ್ಣೆ. ಅವ್ವ ಕೈಗೆ ಚುಚ್ಚಿದ ಮುಳ್ಳು ಕೀಳ್ತಾ ಕೇಳಿದಳು: 'ಯಾವ್ ಸೀಮಲಿ ನಡೀತದ ಕನ್ ಮಗ ಆ ಯುದ್ದ? ಅವ್ರ್ ಜಗಳಕ್ಕ ನಾನ್ಯಾಕ್ ಬೇಲಿ ಕಾಯ್ಬೇಕು?'

ಬಿ.ಎ. ಓದಿದ ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿಕೊಂಡು ಹೊರಟೆ. ಈ ಬರಹ ಆ ಹುಡುಕಾಟ.

ಮೊದಲು ಬೇಲಿ ಅಂದರೇನು ಅಂತ ಹೇಳಬೇಕು. ನಮ್ಮ ಕೇರಿಗೆ ಸೌದೆ ಬೆಳೆಯೋ ಒಂದು ಗೇಣು ನೆಲವಿಲ್ಲ. ಕೆರೆ ಅಂಗಳದ ಜಾಲಿಯನ್ನು ಹರಾಜಿನಲ್ಲಿ ಹಿಡಿದವನು ಕಡ್ಡಿ ಮುಟ್ಟಗೊಡಲ್ಲ. ಕಾಡಿನ ಕಡೆ ಹೋದರೆ ಗಾರ್ಡು ಮಚ್ಚು ಕಿತ್ಕೋತಾನೆ. ಉಳಿದದ್ದು ಜಮೀನಿದ್ದೋರ ತೋಟದ ಬೇಲಿ. ಅಲ್ಲಿ ಕಡ್ಡಿ ಮುರಿಯೋಕೆ ಮುಂಚೆ ನಿಂತು, ತಲೆ ತಗ್ಗಿಸಿ, 'ಬುದ್ದೀ, ಎರಡು ಕಡ್ಡಿ ಸೌದೆ ಎತ್ಕತೀವಿ' ಅನ್ನಬೇಕು. ಆ 'ಬುದ್ದೀ'ಗೆ ಬರುವ ಉತ್ತರಗಳನ್ನು ನಾನು ಇಲ್ಲಿ ಬರೆಯಲಾರೆ. ಕೇರಿಯ ಹೆಂಗಸರಿಗೆ ಅವು ಬಾಯಿಪಾಠ. ಸೌದೆ ಕೊಟ್ಟವನು ಕಳೆ ಕೀಳುವಾಗ ಕರೆದರೆ ಅರ್ಧ ಕೂಲಿಗೆ ಹೋಗಬೇಕು. ಅದೂ ಲೆಕ್ಕದಲ್ಲಿ ಸೇರಿದ್ದೇ.

ಗ್ಯಾಸ್ ಬಂದಾಗ ನಮ್ಮವ್ವನಿಗೆ ಹೊಗೆ ತಪ್ಪಿತು ಅಂತ ಸರ್ಕಾರದ ಜಾಹೀರಾತು ಹೇಳಿತು. ಹೊಗೆ ತಪ್ಪಿದ್ದು ನಿಜ. ಆದರೆ ಅವಳಿಗೆ ಅದಕ್ಕಿಂತ ದೊಡ್ಡದೊಂದು ತಪ್ಪಿತ್ತು. 'ಬುದ್ದೀ' ಅನ್ನೋದು ತಪ್ಪಿತ್ತು. ಬೆಳಿಗ್ಗೆ ಎದ್ದು ಒಲೆ ಹಚ್ಚೋಕೆ ಯಾರ ಮುಖವನ್ನೂ ನೋಡಬೇಕಿರಲಿಲ್ಲ. ಸಿಲಿಂಡರಿನ ಬೆಲೆಯನ್ನು ಅರ್ಥಶಾಸ್ತ್ರಜ್ಞರು ರೂಪಾಯಿಯಲ್ಲಿ ಅಳೀತಾರೆ. ನಮ್ಮ ಕೇರೀಲಿ ಅದಕ್ಕೆ ಬೇರೆ ಅಳತೆಯಿದೆ. ಖಾಲಿಯಾದ ದಿನ ಅವ್ವ ಮತ್ತೆ ಬೇಲಿ ಮುಂದೆ ನಿಂತಳು. ಐದು ವರ್ಷ ಬಿಟ್ಟಿದ್ದ ಮಾತನ್ನು ಮತ್ತೆ ಆಡಿದಳು. ವಿದ್ವಾಂಸರು 'ಸಹಿಸಿಕೊಳ್ಳಿ' ಎಂದದ್ದು ಇದನ್ನು. ಅವರಿಗೆ ಗೊತ್ತಿರಲಿಲ್ಲ, ನಿಜ. ಗೊತ್ತಿಲ್ಲದವರು ಇನ್ನೊಬ್ಬರ ಪರವಾಗಿ 'ನಾವೆಲ್ಲರೂ' ಅಂತ ಯಾಕೆ ಅನ್ನಬೇಕು?

ಈಗ ಯುದ್ಧದ ಲೆಕ್ಕಕ್ಕೆ ಬರೋಣ.

ದೆಹಲಿಯ ದರ ಹಿಡಿದು ಹೇಳುತ್ತೇನೆ. 2020ರ ನವೆಂಬರಿನಲ್ಲಿ ಮನೆ ಬಳಕೆಯ ಸಿಲಿಂಡರಿಗೆ 594 ರೂಪಾಯಿ. 2021ರ ಅಕ್ಟೋಬರಿನಲ್ಲಿ 899 ರೂಪಾಯಿ 50 ಪೈಸೆ. ರಷ್ಯಾದ ಸೈನ್ಯ ಉಕ್ರೇನಿನೊಳಕ್ಕೆ ನುಗ್ಗಿದ್ದು 2022ರ ಫೆಬ್ರವರಿ 24ಕ್ಕೆ. ಅಂದರೆ ಮೊದಲ ಗುಂಡು ಹಾರುವ ಮುಂಚೆಯೇ ಮುನ್ನೂರೈದು ರೂಪಾಯಿ ಏರಿಯಾಗಿತ್ತು. ಯುದ್ಧ ಶುರುವಾದ ಮೇಲೆ 2022ರ ಜುಲೈ ಹೊತ್ತಿಗೆ 1053 ಆಯಿತು. ಹೆಚ್ಚಿದ್ದು ನೂರೈವತ್ತಮೂರು. ಮುಂಚೆ ಏರಿದ್ದು ಎರಡು ಪಾಲು, ಯುದ್ಧದ ಕಾಲದಲ್ಲಿ ಏರಿದ್ದು ಒಂದು ಪಾಲು. ಆದರೂ ಮೂರು ಪಾಲಿನ ಪಾಪವನ್ನೂ ಪುಟಿನ್ ತಲೆಗೆ ಕಟ್ಟಿದರು. ಹೊರದೇಶದ ಗ್ಯಾಸಿನ ದರ 2021ರಲ್ಲೇ ಏರಿತ್ತು, ಅದು ಸುಳ್ಳಲ್ಲ. ಆದರೆ ಆ ಏಟು ತಡೆಯಲಿಕ್ಕೆಂದೇ ಇದ್ದ ಸಬ್ಸಿಡಿಯನ್ನು 2020ರಲ್ಲೇ, ಲಾಕ್‌ಡೌನಿನ ನಡುವೆ, ಸದ್ದಿಲ್ಲದೆ ನಿಲ್ಲಿಸಿದ್ದರು. ಛತ್ರಿ ಕಿತ್ತುಕೊಂಡು ಮಳೆಯನ್ನು ಬೈಯೋದು ಅಂದರೆ ಇದೇ.

ಉಜ್ವಲದವರಿಗೆ 200 ರೂಪಾಯಿ ಸಬ್ಸಿಡಿ ಅಂತ 2022ರ ಮೇ 21ಕ್ಕೆ ಘೋಷಣೆಯಾಯಿತು. ಒಳ್ಳೇದೇ. ಆದರೆ ಮೊದಲು ಪೂರ್ತಿ ಹಣ ಎಣಿಸಬೇಕಿತ್ತು, ಆಮೇಲೆ ಅದು ಬ್ಯಾಂಕಿಗೆ ಬೀಳುತ್ತಿತ್ತು. ಸಾವಿರ ರೂಪಾಯಿ ಒಟ್ಟಿಗೆ ಕೈಲಿದ್ದವರಿಗೆ ಮಾತ್ರ ಇನ್ನೂರು ವಾಪಸ್ಸು ಬರುತ್ತಿತ್ತು. ಇದು ನಮ್ಮ ಕೇರಿಯ ಗೋಳು ಮಾತ್ರ ಅಂದುಕೊಳ್ಳಬೇಡಿ. 2022ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಖಾತೆಯ ರಾಜ್ಯಮಂತ್ರಿ ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲೇ ಇದೆ: ಹಿಂದಿನ ಐದು ವರ್ಷಗಳ ವರ್ಷವಾರು ಲೆಕ್ಕ ಕೂಡಿಸಿದರೆ, ವರ್ಷದಲ್ಲಿ ಒಂದು ಸಾರಿಯೂ ಸಿಲಿಂಡರ್ ಮರುಪೂರಣ ಮಾಡಿಸದ ಉಜ್ವಲ ಫಲಾನುಭವಿಗಳು 4.13 ಕೋಟಿ. ವರ್ಷಕ್ಕೆ ಒಂದೇ ಒಂದು ಸಾರಿ ಮಾಡಿಸಿದವರು 7.67 ಕೋಟಿ. ಎಷ್ಟೋ ಮನೆಗಳಲ್ಲಿ ಸಿಲಿಂಡರು ಹಿಟ್ಟಿನ ಡಬ್ಬ ಹೊತ್ಕೊಂಡು ನಿಂತಿದೆ ಅಂತಾಯ್ತು.

ಇನ್ನು ಪೆಟ್ರೋಲು ಡೀಸೆಲ್ಲು. ಬೆಂಗಳೂರಲ್ಲಿ ಪೆಟ್ರೋಲು ನೂರು ದಾಟಿದ್ದು 2021ರ ಜೂನಿನಲ್ಲಿ. ಆಗ ಯಾವ ಯುದ್ಧವಿತ್ತು ಸ್ವಾಮಿ? 2021ರ ನವೆಂಬರ್ 4ರಿಂದ 137 ದಿನ ಬೆಲೆ ಅಲುಗಾಡಲಿಲ್ಲ. ಯುದ್ಧ ಶುರುವಾಯಿತು, ಕಚ್ಚಾ ತೈಲ ನೂರು ಡಾಲರ್ ದಾಟಿತು, ಆಗಲೂ ಅಲುಗಾಡಲಿಲ್ಲ. ಯಾಕೆಂದರೆ ಉತ್ತರಪ್ರದೇಶ, ಪಂಜಾಬ್ ಸೇರಿ ಐದು ರಾಜ್ಯಗಳಲ್ಲಿ ಚುನಾವಣೆ. ಮಾರ್ಚ್ 10ಕ್ಕೆ ಎಣಿಕೆ ಮುಗಿಯಿತು. ಮಾರ್ಚ್ 22ಕ್ಕೆ ಏರಿಕೆ ಶುರು. ಹದಿನಾರು ದಿನದಲ್ಲಿ ಹದಿನಾಲ್ಕು ಸಾರಿ, ಒಟ್ಟು ಹತ್ತು ರೂಪಾಯಿ. ಮತಪೆಟ್ಟಿಗೆ ಮುಚ್ಚುವತನಕ ಕ್ಷಿಪಣಿಗಳು ನಮ್ಮ ಬಂಕಿಗೆ ತಾಗಲಿಲ್ಲ ಅನ್ನೋದು ಎಂಥ ಸೋಜಿಗ!

ಅಮೆರಿಕದ ಬೈಡನ್‌ರನ್ನು 2022ರ ಜೂನ್ 30ಕ್ಕೆ ಮ್ಯಾಡ್ರಿಡ್ಡಿನಲ್ಲಿ ಪತ್ರಕರ್ತರು ಕೇಳಿದರು: ಜನ ಎಷ್ಟು ದಿನ ಈ ಬೆಲೆ ಕೊಡಬೇಕು? ಎಷ್ಟು ದಿನ ಬೇಕೋ ಅಷ್ಟು ದಿನ ಅಂದರು. ಇಟಲಿಯ ಪ್ರಧಾನಿ ದ್ರಾಘಿ ಅದೇ ಏಪ್ರಿಲಿನಲ್ಲಿ ತಮ್ಮ ಜನಕ್ಕೆ ಶಾಂತಿ ಬೇಕೋ ಏಸಿ ಬೇಕೋ ಅಂತ ಕೇಳಿದ್ದರು. ಅವರ ಮಾತು ಸರಿಯೋ ತಪ್ಪೋ, ಅದಕ್ಕೊಂದು ಗುರಿಯಾದರೂ ಇತ್ತು. ರಷ್ಯಾದ ಎಣ್ಣೆ ಕೊಳ್ಳಬಾರದು, ಆ ದುಡ್ಡು ಬಾಂಬಾಗಬಾರದು, ಅದಕ್ಕಾಗಿ ನೀವು ಕಷ್ಟಪಡಿ ಅಂದರು. ನಮ್ಮಲ್ಲಿ? ನಮ್ಮ ಸರ್ಕಾರ ಯಾರ ಪಕ್ಷವೂ ಅಲ್ಲ ಅಂತು. ರಷ್ಯಾದ ಎಣ್ಣೆಯನ್ನೇ ರಿಯಾಯಿತಿಯಲ್ಲಿ ಕೊಂಡಿತು. ಯುದ್ಧಕ್ಕೆ ಮುಂಚೆ ನಮ್ಮ ಆಮದಿನಲ್ಲಿ ನೂರಕ್ಕೆ ಎರಡರಷ್ಟಿದ್ದ ರಷ್ಯಾದ ತೈಲ 2023ರಲ್ಲಿ ಮೂರನೇ ಒಂದು ಭಾಗ ದಾಟಿತು. ಕೊಂಡದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಗ್ಗದ ಎಣ್ಣೆ ತಂದಿರಿ, ಸರಿ. ಹಾಗಾದರೆ ನಾವು ಯಾವ ಗುರಿಗಾಗಿ, ಯಾರನ್ನು ಸೋಲಿಸಲು, ಯಾರನ್ನು ಕಾಪಾಡಲು ಸಹಿಸಿಕೊಳ್ಳುತ್ತಿದ್ದೆವು?

ವಿದೇಶಾಂಗ ಮಂತ್ರಿ ಜೈಶಂಕರ್ 2022ರ ಆಗಸ್ಟಿನಲ್ಲಿ ಬ್ಯಾಂಕಾಕಿನಲ್ಲಿ ನಿಂತು, ನಮ್ಮದು ತಲಾ ಎರಡು ಸಾವಿರ ಡಾಲರ್ ವರಮಾನದ ದೇಶ, ನಮ್ಮ ಜನ ಹೆಚ್ಚಿನ ಬೆಲೆ ತೆರಲಾರರು ಎಂದು ಹೇಳಿದರು. ಪತ್ರಿಕೆಗಳು ಹೊಗಳಿದವು. ನನಗೂ ಖುಷಿಯಾಯಿತು, ನಮ್ಮವ್ವನ ಬಡತನ ಬ್ಯಾಂಕಾಕಿನಲ್ಲಿ ವಾದ ಗೆದ್ದಿತಲ್ಲ! ಆದರೆ ಆ ವಾದ ಗೆದ್ದು ತಂದ ರಿಯಾಯಿತಿ ಎಲ್ಲಿ ಇಳಿಯಿತು? ಬೆಂಗಳೂರಲ್ಲಿ 2022ರ ಮೇ 22ರಂದು ಸುಂಕ ಇಳಿಸಿದ ಮೇಲೆ ಪೆಟ್ರೋಲು 101 ರೂಪಾಯಿ 94 ಪೈಸೆಗೆ ನಿಂತಿತು. ಕಚ್ಚಾ ತೈಲ ಎಂಬತ್ತು ಡಾಲರಿಗಿಂತ ಕೆಳಗಿಳಿದಾಗಲೂ ಅದು ಅಲ್ಲೇ ನಿಂತಿತ್ತು. ಅದು ಮೊದಲ ಸಾರಿ ಎರಡು ರೂಪಾಯಿ ಕೆಳಗಿಳಿದಿದ್ದು 2024ರ ಮಾರ್ಚ್ 15ಕ್ಕೆ. ಲೋಕಸಭಾ ಚುನಾವಣೆಯ ತಾರೀಕು ಘೋಷಣೆಯಾದದ್ದು ಮಾರ್ಚ್ 16ಕ್ಕೆ. ಈ ನಡುವೆ ಖಾಸಗಿ ಸಂಸ್ಕರಣಾ ಕಂಪನಿಗಳು ಎಣ್ಣೆ ಸೋಸಿ ಹೊರದೇಶಕ್ಕೆ ಮಾರಿಕೊಂಡವು. ಎಷ್ಟು ಲಾಭವಿತ್ತೆಂದರೆ 2022ರ ಜುಲೈ 1ರಂದು ಸರ್ಕಾರವೇ ರಫ್ತಿನ ಡೀಸೆಲ್ ಮೇಲೆ ಲೀಟರಿಗೆ 13 ರೂಪಾಯಿ ತೆರಿಗೆ ಹಾಕಬೇಕಾಯಿತು. ಮೂರು ಸರ್ಕಾರಿ ತೈಲ ಕಂಪನಿಗಳು 2022ರಲ್ಲಿ ನಷ್ಟ ತಿಂದವು. ಅದನ್ನು ಮುಚ್ಚಿಡುವುದಿಲ್ಲ. ಗ್ಯಾಸಿನ ನಷ್ಟಕ್ಕೆ ಅವಕ್ಕೆ 22,000 ಕೋಟಿ ಪರಿಹಾರವೂ ಸಿಕ್ಕಿತು. ಮುಂದೆ 2023-24ರಲ್ಲಿ ಅವೇ ಮೂರು ಸೇರಿ ಸುಮಾರು 81,000 ಕೋಟಿ ಲಾಭ ಮಾಡಿದವು. ಕಂಪನಿಗೆ ನಷ್ಟವಾದರೆ ಪರಿಹಾರ. ಅವ್ವನಿಗೆ ನಷ್ಟವಾದರೆ ಉಪನ್ಯಾಸ.

ಇದಕ್ಕೂ ಹಿಂದಕ್ಕೆ ಹೋಗಿ ಗೆಳೆಯರೇ. 2020ರ ಏಪ್ರಿಲಿನಲ್ಲಿ ಇಡೀ ಜಗತ್ತು ಬಾಗಿಲು ಮುಚ್ಚಿ ಕೂತಾಗ ಕಚ್ಚಾ ತೈಲ ಪಾತಾಳಕ್ಕೆ ಬಿತ್ತು. ಆ ಅಗ್ಗ ನಮಗೆ ಸಿಕ್ಕಿತೇ? ಮಾರ್ಚಿನಲ್ಲಿ ಮೂರು ರೂಪಾಯಿ, ಮೇ ತಿಂಗಳಲ್ಲಿ ಪೆಟ್ರೋಲಿಗೆ ಹತ್ತು, ಡೀಸೆಲಿಗೆ ಹದಿಮೂರು ರೂಪಾಯಿ ಅಬಕಾರಿ ಸುಂಕ ಏರಿಸಿದರು. ತೈಲದ ಮೇಲಿನ ಕೇಂದ್ರ ಅಬಕಾರಿ ವರಮಾನ 2019-20ರಲ್ಲಿ 2.23 ಲಕ್ಷ ಕೋಟಿ ಇದ್ದದ್ದು ಮರುವರ್ಷ 3.73 ಲಕ್ಷ ಕೋಟಿಯಾಯಿತು. ಹೆಚ್ಚು ಬಂದದ್ದು ಒಂದೂವರೆ ಲಕ್ಷ ಕೋಟಿ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆಯನ್ನು ಶೇಕಡಾ 30ರಿಂದ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಡುತ್ತಿದ್ದೇವೆ ಎಂದು ಹೇಳಿದ್ದು ಸರ್ಕಾರವೇ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ಬೋರ್ಡಿನ ಮೇಲೆ ಹಾಗೇ ಬಿಡಿ. ಹಳ್ಳಿ ಮೇಷ್ಟ್ರುಗಳಿಗೆ ನನ್ನ ಬೇಡಿಕೆ ಇಷ್ಟೇ. ಏಳನೇ ಕ್ಲಾಸಿನ ಹುಡುಗರು ಕಳೆಯೋದು ಕೂಡೋದು ತಾವೇ ಮಾಡ್ತಾರೆ.

ನಮ್ಮನ್ನು ಕಂಡರೆ ಕೆಲವರು 'ನಮ್ ಟ್ಯಾಕ್ಸ್ ದುಡ್ಡಲ್ಲಿ ಓದ್ತೀರಿ' ಅಂತಾರೆ. ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಫಾರಂ ಹಿಡಿದು ನಿಂತಾಗ ನಾನು ಕೇಳಿಸಿಕೊಂಡ ಮಾತು. ನಮ್ಮವ್ವ ಕೂಲಿಗೆ ಹೋಗೋದು ಗೂಡ್ಸ್ ಆಟೋದಲ್ಲಿ, ಇಪ್ಪತ್ತು ಹೆಂಗಸರ ಜೊತೆ ಕುರಿಗಳ ಥರ ನಿಂತು. ಡೀಸೆಲ್ ಏರಿದ ವಾರವೇ ಮೇಸ್ತ್ರಿ ಕೂಲಿಯಲ್ಲಿ ಹತ್ತು ರೂಪಾಯಿ ಹಿಡ್ಕೊಂಡ. ಡೀಸೆಲ್ ಇಳಿದಾಗ ಆ ಹತ್ತು ರೂಪಾಯಿ ವಾಪಸ್ ಬರಲಿಲ್ಲ. ಈರುಳ್ಳಿ ತುಂಬಿದ ಲಾರಿ, ರಾಗಿ ಬೀಸುವ ಮಿಲ್ಲು, ಅಪ್ಪ ಹತ್ತುವ ಬಸ್ಸು, ಎಲ್ಲದರ ಹೊಟ್ಟೆಯೊಳಗೂ ಸುಂಕವಿದೆ. ಕಾರಿನವನಿಗೂ ಅದೇ ಸುಂಕ, ಕೂಲಿಯವಳಿಗೂ ಅದೇ ಸುಂಕ. ಟ್ಯಾಕ್ಸು ಕಟ್ಟಿ ರಸೀದಿ ಸಿಗದವರು ನಾವು. ಅಷ್ಟೇ ವ್ಯತ್ಯಾಸ.

ಆ ಸುಂಕದಲ್ಲೂ ಒಂದು ಕರಾಮತ್ತಿದೆ. 2022ರ ಮೇ ಇಳಿಕೆಯ ನಂತರ ಪೆಟ್ರೋಲಿನ ಮೇಲೆ ಲೀಟರಿಗೆ 19 ರೂಪಾಯಿ 90 ಪೈಸೆ ಕೇಂದ್ರದ ಸುಂಕವಿತ್ತು. ಅದರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಅಬಕಾರಿ ಬರೀ 1 ರೂಪಾಯಿ 40 ಪೈಸೆ. ಉಳಿದದ್ದು ಸೆಸ್ಸು, ವಿಶೇಷ ಸುಂಕ, ರಾಜ್ಯಗಳಿಗೆ ಪಾಲಿಲ್ಲ. ಬಾಬಾಸಾಹೇಬರು ಕೇಂದ್ರ ಮತ್ತು ಪ್ರಾಂತ್ಯಗಳ ಹಣಕಾಸಿನ ಮೇಲೆಯೇ ಒಂದು ಗ್ರಂಥ ಬರೆದು 1925ರಲ್ಲಿ ಅಚ್ಚು ಹಾಕಿಸಿದರು. ಅವರ ಪಟಕ್ಕೆ ಹಾರ ಹಾಕೋ ನಾವು ಆ ಪುಸ್ತಕ ಮುಟ್ಟಿಲ್ಲ. ಬಜೆಟ್ಟು ನಮ್ಮ ವಿಷಯವಲ್ಲ ಅಂದುಕೊಂಡಿದ್ದೇವೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಕವನ ಬರೆಯೋದು ಸುಲಭ.

ಇಷ್ಟು ಓದಿ ವಿಧಾನಸೌಧದ ಕಾಂಗ್ರೆಸ್ಸಿನವರು ಮೀಸೆ ತಿರುವುವುದು ಬೇಡ. ಲೋಕಸಭೆಯ ಫಲಿತಾಂಶ 2024ರ ಜೂನ್ 4ಕ್ಕೆ ಬಂತು. ಜೂನ್ 15ಕ್ಕೆ ಇವರು ಮಾರಾಟ ತೆರಿಗೆ ಏರಿಸಿ ಪೆಟ್ರೋಲು ಡೀಸೆಲ್ಲಿಗೆ ಸುಮಾರು ಮೂರು ಮೂರು ರೂಪಾಯಿ ಸೇರಿಸಿದರು. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15 ಏರಿತು. ಅವ್ವನಿಗೆ ಟಿಕೆಟ್ಟಿಲ್ಲ, ಅದು ದೊಡ್ಡ ಉಪಕಾರವೇ, ಅಲ್ಲಗಳೆಯುವವನು ಬೇಲಿ ಕಂಡವನಲ್ಲ. ಆದರೆ ಅಪ್ಪನಿಗೆ ಟಿಕೆಟ್ ಇದೆ.

ಹಳಬರಿಗೆ ಈ ಆಟ ಹೊಸದಲ್ಲ. 1973ರ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧವಾಗಿ ಎಣ್ಣೆ ಬೆಲೆ ಏರಿದಾಗ ವಾಜಪೇಯಿಯವರು ಎತ್ತಿನಗಾಡಿ ಹತ್ತಿ ಪಾರ್ಲಿಮೆಂಟಿಗೆ ಹೋದರು. ಅವರ ಪಕ್ಷದವರು ಮುಂದೆ ಗಾಡಿ ಎಲ್ಲಿ ಬಿಚ್ಚಿದರೋ ಕಾಣೆ. ಅದೇ 1973ರ ನವೆಂಬರಿನಲ್ಲೇ ಮೈಸೂರಿನಲ್ಲಿ ಬಸವಲಿಂಗಪ್ಪನವರು ಬೂಸಾ ಅಂದು ಏಟು ತಿಂದದ್ದು. ಎಣ್ಣೆಗೂ ಬೂಸಾಕ್ಕೂ ಸಂಬಂಧವಿಲ್ಲ, ನೆನಪಾಯಿತು ಅಷ್ಟೇ.

ಯುದ್ಧ ಸುಳ್ಳು ಅಂತ ನಾನು ಹೇಳಿದೆ ಅಂತ ಯಾರೂ ತಿರುಚಬಾರದು. ಖಾರ್ಕಿವ್‌ನಲ್ಲಿ 2022ರ ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ಹುಡುಗನೊಬ್ಬ, ಡಾಕ್ಟರಾಗಬೇಕಾಗಿದ್ದವನು, ತಿನ್ನೋ ಸಾಮಾನಿಗೆ ಅಂಗಡಿ ಮುಂದೆ ನಿಂತಿದ್ದಾಗ ಶೆಲ್ಲಿಗೆ ಬಲಿಯಾದ. ಅಲ್ಲಿನ ತಾಯಂದಿರೂ ನೆಲಮಾಳಿಗೆಯಲ್ಲಿ ಕೂತು ಬೇಯಿಸಲು ಬೆಂಕಿ ಹುಡುಕಿದರು. ಅವರಿಗೋಸ್ಕರ ಒಂದು ಹೊತ್ತು ಉಪವಾಸವಿರು ಅಂದರೆ ನಮ್ಮವ್ವ ಎರಡು ಹೊತ್ತು ಇರ್ತಾಳೆ. ಕೇರಿಯಲ್ಲಿ ಹೆಣ ಬಿದ್ದರೆ ಒಲೆ ಹಚ್ಚದ ಜನ ನಾವು. ಆದರೆ ಅವಳ ಉಪವಾಸದ ಒಂದು ಪೈಸೆಯೂ ಖಾರ್ಕಿವ್ ತಲುಪಲಿಲ್ಲ. ಅವಳ ಮರುಕವನ್ನು ಬಂಡವಾಳ ಮಾಡಿಕೊಂಡು ಬೇರೆಯವರು ಗಲ್ಲಾ ತುಂಬಿಕೊಂಡರು.

ವಿದ್ವಾಂಸರಿಗೆ ಒಂದು ಪತ್ರ ಬರೆದೆ. ಸರ್, ನಿಮ್ಮ 'ನಾವೆಲ್ಲರೂ'ನಲ್ಲಿ ನಮ್ಮವ್ವ ಇದ್ದಾಳಾ ಅಂತ ಕೇಳಿದೆ. ಇದ್ದರೆ ಒಂದು ದಿನ ಊರಿಗೆ ಬನ್ನಿ, ಅವಳು ಬೇಲಿಗೆ ಹೋಗೋದು ಬೆಳಗಿನ ಜಾವ ಐದಕ್ಕೆ, ಜೊತೇಲಿ ಹೋಗೋಣ, ಹೊರೆ ನಾನು ಹೊರ್ತೀನಿ, 'ಬುದ್ದೀ' ಅನ್ನೋದು ಮಾತ್ರ ನೀವು ಅನ್ನಿ ಅಂತ ಬರೆದೆ. ಗುಂಡ್ಲುಪೇಟೆಯಿಂದ ನಮ್ಮೂರಿಗೆ ಯಾವ ಬಸ್ಸು, ಎಲ್ಲಿ ಇಳಿಯಬೇಕು ಅನ್ನೋದನ್ನೂ ಕೆಳಗೆ ಬರೆದಿದ್ದೆ. ಉತ್ತರ ಬಂದಿಲ್ಲ.