ಹಗುರಕ್ಕ ಮುಟ್ಟಿದ ವಿಷಯ (ಹೊಳಿ ದಂಡಿ ಇತಿಹಾಸ, ಭಾಗ 7)

1800ರ ಜುಲೈ 30. ನಮ್ಮ ಮನೋಳಿ ಎದುರಿನ ಮಲಪ್ರಭಾ ದಂಡಿ. ಧೋಂಡಿಯಾ ವಾಘನ ಪಾಳೆಯದ ಮ್ಯಾಲೆ ಇಂಗ್ಲಿಷರ ದಂಡು ಬಿತ್ತು. ಮಳೆಗಾಲದ ತುಂಬಿದ ಹೊಳಿ, ಬೆನ್ನ ಹಿಂದ ಕುದುರೆ. ಸಾವಿರಾರು ಮಂದಿ ನೀರಿಗೆ ಬಿದ್ದು ಸತ್ತರು. ಆ ದಂಡು ನಡೆಸಿದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ನೆಪೋಲಿಯನ್ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ.

ಇದು ನಮ್ಮೂರಾಗ ಗೊತ್ತಿದ್ದವರಿಗೆ ಗೊತ್ತು. ಇವತ್ತು ಹೇಳೋದು ಅವನು 33 ವರ್ಷದ ನಂತರ ಲಂಡನ್ನಿನಲ್ಲಿ ಆಡಿದ ಮಾತಿನ ಬಗ್ಗೆ.

1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿತು. ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ, ಗುಲಾಮರಿಗೆ ಬಿಡಿಗಾಸೂ ಇಲ್ಲ. ಆ ಕಾಯ್ದೆಯಲ್ಲೇ ಇನ್ನೊಂದು ಸಾಲಿತ್ತು: ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ ಇದು ಲಾಗೂ ಆಗೂದಿಲ್ಲ. ಬೆಳಗಾವಿ, ಕಿತ್ತೂರು ಆಗ ಆ ಸೀಮೆಯೊಳಗೇ ಇದ್ದವು. ಅದೇ ವರ್ಷ ಕಂಪನಿಯ ಸನ್ನದು ನವೀಕರಣಕ್ಕೆ ಬಂದಾಗ, ಇಲ್ಲಿನ ಗುಲಾಮರ ಬಿಡುಗಡೆಗೂ ಕರಡಿನಲ್ಲಿ ಗಡುವು ಹಾಕಿದ್ದರು. ವೆಲ್ಲಿಂಗ್ಟನ್ ಲಾರ್ಡ್ಸ್ ಸಭೆಯಲ್ಲಿ ಎದ್ದು ನಿಂತ. ನಾನು ಆ ದೇಶದಾಗ ಇದ್ದು ಬಂದವನು, ಅಲ್ಲಿ ಗುಲಾಮರ ಮೇಲೆ ಕ್ರೌರ್ಯ ಕಂಡಿಲ್ಲ, ಇಂಡಿಯಾ ಕೈಯಾಗ ಉಳಿಬೇಕಂದ್ರ ಇದನ್ನ ಹಗುರಕ್ಕ ಮುಟ್ಟಿ ಅನ್ನೋದು ಅವನ ವಾದದ ತಾತ್ಪರ್ಯ. ಗಡುವು ಬಿದ್ದುಹೋಯಿತು. ಆಗುವಂತಾದಾಗ, ಸುರಕ್ಷಿತ ಅನ್ನಿಸಿದಾಗ ತೆಗೆಯೋಣ ಅನ್ನೋ ಅರ್ಥದ ಮಾತು ಉಳಿಯಿತು. ಯಾರಿಗೆ ಸುರಕ್ಷಿತ ಅಂತ ಕೇಳಬ್ಯಾಡ್ರಿ.

ಹತ್ತು ವರ್ಷಕ್ಕೆ 1843ರ 5ನೇ ಕಾಯ್ದೆ ಬಂತು. ಅದು ಯಾರನ್ನೂ ಬಿಡುಗಡೆ ಮಾಡಲಿಲ್ಲ. "ಇವನು ನನ್ನ ಗುಲಾಮ" ಅಂತ ಕೋರ್ಟಿಗೆ ಬಂದರೆ ಕೇಳೂದಿಲ್ಲ ಅಂದಿತು, ಅಷ್ಟೇ. ದನದ ಕೊಟ್ಟಿಗೆಯಾಗ ಮಲಗೋ ಆಳಿಗೆ ಇದನ್ನ ಯಾರು ಓದಿ ಹೇಳಬೇಕು? ಮನುಷ್ಯರನ್ನು ಗುಲಾಮರಾಗಿ ಕೊಳ್ಳುವುದು, ಮಾರುವುದು ದಂಡ ಸಂಹಿತೆಯ ಪ್ರಕಾರ ಅಪರಾಧ ಆಗಿದ್ದು 1862ರಿಂದ.

ಅದೇ ಹೊತ್ತಿಗೆ ಅಮೆರಿಕದಲ್ಲೂ ಇಂಥ ರಾಜಿಗಳೇ ನಡೆದಿದ್ದವು. 1820ರಲ್ಲಿ ನಕಾಶೆ ಮೇಲೆ ಗೆರೆ ಎಳೆದು, ಮಿಸ್ಸೂರಿ ಒಂದನ್ನ ಬಿಟ್ಟು, ಗೆರೆಯ ಉತ್ತರಕ್ಕ ಹೊಸ ಸೀಮೆಗೆ ಗುಲಾಮಗಿರಿ ಹಬ್ಬಬಾರದು ಅಂದರು. 1850ರಲ್ಲಿ ಕ್ಯಾಲಿಫೋರ್ನಿಯಾವನ್ನು ಗುಲಾಮಗಿರಿ ಇಲ್ಲದ ರಾಜ್ಯವಾಗಿ ಸೇರಿಸಿಕೊಂಡರು, ಬದಲಿಗೆ ಓಡಿಬಂದವರನ್ನು ಹಿಡಿದು ಮಾಲೀಕರಿಗೆ ಒಪ್ಪಿಸೋ ಕಾಯ್ದೆ ಬಿಗಿ ಮಾಡಿದರು. 1854ರಲ್ಲಿ ಆ ಗೆರೆಯನ್ನೇ ಅಳಿಸಿ, ಕಾನ್ಸಾಸ್, ನೆಬ್ರಾಸ್ಕಾದಾಗ ಅಲ್ಲಿನವರೇ ತೀರ್ಮಾನಿಸಲಿ ಅಂದರು. ಕಾನ್ಸಾಸಿನಲ್ಲಿ ರಕ್ತ ಹರಿಯಿತು. 1861ಕ್ಕೆ ಯುದ್ಧ, ಆರು ಲಕ್ಷಕ್ಕೂ ಹೆಚ್ಚು ಹೆಣ.

"ನಮ್ಮಲ್ಲಿ ಯುದ್ಧ ಇಲ್ಲದೇ ಎಲ್ಲ ಸರಿ ಆತಲ್ಲ" ಅಂತ ಹೋದ ಭಾಗಕ್ಕ ಒಬ್ಬರು ಕಮೆಂಟ್ ಹಾಕಿದ್ದರು. ಇದನ್ನ ನಾ ಒಪ್ಪೂದಿಲ್ಲ ಅಣ್ಣಾರ. ಅವರ ಗೆರೆ ನಕಾಶೆ ಮೇಲಿತ್ತು, ಎಲ್ಲರ ಕಣ್ಣಿಗೂ ಬಿತ್ತು. ನಮ್ಮದು ಕಾಯ್ದೆಯ ಶಬ್ದದೊಳಗ ಹೂತು ಹೋತು. ಜೀತ ರದ್ದಾಗಿದ್ದು ಯಾವಾಗ? 1976ರ ಕಾಯ್ದೆಯಿಂದ! ನಡುವಿನ ನೂರಾ ಚಿಲ್ಲರೆ ವರ್ಷದ ಬೆಲೆ ತೆತ್ತವರು ರಾಜಿ ಮಾಡಿದವರಲ್ಲ.

ಮನೋಳಿಯಿಂದ ಯಲ್ಲಮ್ಮನ ಗುಡ್ಡ ದೂರ ಇಲ್ಲ. ಹುಣ್ಣಿಮೆ ಬಂದ್ರ ಚಕ್ಕಡಿ, ಟ್ರ್ಯಾಕ್ಟರ್ ಸಾಲು, ಉಧೋ ಉಧೋ. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ, ನಮ್ಮ ಮನಿ ಪಡಲಗಿಯೂ ಅಲ್ಲೇ ತುಂಬತೈತಿ. ಆದ್ರ ಹುಡುಗಿಯರಿಗೆ ಮುತ್ತು ಕಟ್ಟೋದನ್ನ ಮುಂಬಯಿ ಸರ್ಕಾರ 1934ರಲ್ಲೇ ಕಾನೂನುಬಾಹಿರ ಅಂದಿತ್ತು, ಆಗ ನಾವು ಆ ಪ್ರಾಂತದಾಗೇ ಇದ್ದಿವಿ. ನಿಂತಿತೇನು? ಕರ್ನಾಟಕ 1982ರಲ್ಲಿ ಮತ್ತೆ ಕಾಯ್ದೆ ಮಾಡಬೇಕಾಯಿತು. ಅದಾದ ಮ್ಯಾಲೂ 1993-94ರ ಸಮೀಕ್ಷೆಯಲ್ಲಿ 22,873, 2007-08ರಲ್ಲಿ ಇನ್ನೂ 23,787 ದೇವದಾಸಿಯರ ಲೆಕ್ಕ ಸಿಕ್ಕಿತು. ಹೆಚ್ಚಿನವರು ದಲಿತ ಹೆಣ್ಣುಮಕ್ಕಳು.

1982ರ ಕಾಯ್ದೆಯ ಶಿಕ್ಷೆ ನೋಡ್ರಿ. ಮುತ್ತು ಕಟ್ಟಿದವರಿಗೆ, ಕಟ್ಟಿಸಿದವರಿಗೆ 3 ವರ್ಷದವರೆಗೆ ಜೈಲು. ಕಟ್ಟಿಸಿದವರು ತಂದೆ-ತಾಯಿ, ಬಂಧುಗಳಾಗಿದ್ದರೆ ಕಡಿಮೆ ಅಂದ್ರೂ 2 ವರ್ಷ, 5ರವರೆಗೆ. ಆಮೇಲೆ ಆಕೀನ್ನ ಇಟ್ಟುಕೊಂಡ ಗಂಡಸಿಗೆ? ಇಟ್ಟುಕೊಂಡಿದ್ದಕ್ಕ ಆ ಕಾಯ್ದೆಯಲ್ಲಿ ಶಿಕ್ಷೆನೇ ಇಲ್ಲ. ಕಾಯ್ದೆ ಬಂದ ಮೇಲೆ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳು ಪಿಂಚಣಿಗೆ ಹೆಸರು ಬರೆಸಬೇಕಂದ್ರ ಅವ್ವನ ಅಪರಾಧವನ್ನೇ ಬರೆಸಿಧಂಗ. ಊರಿನ ದೊಡ್ಡವರ ನೆಮ್ಮದಿ ಕೆಡಬಾರದು ಅನ್ನೋ ಅದೇ ಹಗುರ ಕೈ ಇಲ್ಲೂ ಕಾಣತೈತಿ.

2025ರಲ್ಲಿ ವಿಧಾನಮಂಡಲದ ಮುಂದೆ ಬಂದ ಹೊಸ ಮಸೂದೆ ತಂದೆಯ ಕಡೆಗೂ ಬೆರಳು ತೋರಿಸ್ತು: ತಂದೆ ಯಾರು ಅಂತ ಗುರುತಿಸಿಕೊಡ್ರಿ ಅಂತ ಮಕ್ಕಳು ಕೇಳಬಹುದು. ನನಗೆ ಇದು ಸಣ್ಣ ಮಾತು ಅನ್ನಿಸೂದಿಲ್ಲ. ಸವದತ್ತಿ, ರಾಮದುರ್ಗ ಕಡೆ ಮೊದಲ ಅರ್ಜಿ ಬಿದ್ದ ದಿನ ಯಾರ್ಯಾರು ಹಿರೇರು "ಹೋಗ್ಲಿ ಬಿಡ್ರಿ, ಊರಾಗ ಕುಂತು ಬಗೆಹರಿಸೋಣು" ಅಂತ ಆ ಹುಡುಗನ ಮನಿಗೆ ಹೋಗ್ತಾರ ಅನ್ನೋದನ್ನ ಬರೆದಿಟ್ಟುಕೊಳ್ರಿ.

#ಮನೋಳಿ #ಮಲಪ್ರಭಾ #ಯಲ್ಲಮ್ಮನಗುಡ್ಡ #ಹೊಳಿದಂಡಿಇತಿಹಾಸ