ವಿಮೆ ಇರೋದು ತೋಟಕ್ಕಲ್ಲ, ಮೀಟರಿಗೆ

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಸಂಜೆ ಗಾಳಿಗೆ ನಮ್ಮ ತೋಟದಲ್ಲಿ ನಲವತ್ತು ಅಡಿಕೆ ಮರ ಮುರಿದು ಬಿದ್ದವು. ಹವಾಮಾನ ಆಧಾರಿತ ವಿಮೆ ಕಟ್ಟಿದ್ದೆ. ಒಂದು ರೂಪಾಯಿ ಬರಲಿಲ್ಲ. "ಎಲ್ಲಾ ಮೋಸ ಕಣೋ" ಅಂದ್ರು ಅಪ್ಪ. ಆಮೇಲೆ ಟರ್ಮ್ ಶೀಟ್ ತರಿಸಿ ಓದಿದೆ. ಅದರಲ್ಲಿ ಮಳೆ ಇತ್ತು, ತೇವಾಂಶ ಇತ್ತು, ಗಾಳಿಯ ಮಾತೇ ಇರಲಿಲ್ಲ. ತೋಟಗಾರಿಕೆ ಪದವಿ ಓದಿದ ನಾನೇ ಕಟ್ಟೋ ಮುಂಚೆ ಆ ಒಂದು ಹಾಳೆ ನೋಡಿರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಒಂದು ಇಡೀ ದೇಶಕ್ಕೇ ಹೀಗಾಗಿದೆ.

ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪಕ್ಕೆ ಚಂಡಮಾರುತ ಹೊಸದಲ್ಲ. ಅಲ್ಲಿನ ಸರ್ಕಾರ ವಿಶ್ವಬ್ಯಾಂಕ್ ಮೂಲಕ 15 ಕೋಟಿ ಡಾಲರ್‌ನ ಒಂದು ಬಾಂಡ್ ಮಾಡಿಸಿಕೊಂಡಿತ್ತು. ಹೊರಗಿನ ಹೂಡಿಕೆದಾರರು ದುಡ್ಡು ಹಾಕ್ತಾರೆ, ಅದಕ್ಕೆ ಒಳ್ಳೆ ಬಡ್ಡಿ ಸಿಗುತ್ತೆ. ದೊಡ್ಡ ಚಂಡಮಾರುತ ಬಂದರೆ ಅವರ ಅಸಲೇ ಜಮೈಕಾಕ್ಕೆ ಹೋಗುತ್ತೆ. "ದೊಡ್ಡದು" ಅಂತ ತೀರ್ಮಾನ ಮಾಡೋದು ಬಿದ್ದ ಮನೆ, ಹಾಳಾದ ಬೆಳೆ ಎಣಿಸಿ ಅಲ್ಲ. ದ್ವೀಪದ ಸುತ್ತಲಿನ ಜಾಗವನ್ನು ನಕ್ಷೆಯಲ್ಲಿ ಚೌಕಗಳಾಗಿ ಹಂಚಿದ್ದಾರೆ. ಆ ಚೌಕದೊಳಗೆ ಬಂದಾಗ ಚಂಡಮಾರುತದ ನಡುವಿನ ಗಾಳಿಯ ಒತ್ತಡ ಇಂತಿಷ್ಟಕ್ಕಿಂತ ಕೆಳಗೆ ಇಳಿದಿರಬೇಕು. ಒತ್ತಡ ಕಡಿಮೆ ಇದ್ದಷ್ಟೂ ಬಿರುಗಾಳಿ ಜೋರು.

2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಜಮೈಕಾದ ದಕ್ಷಿಣ ತೀರ ಸವರಿಕೊಂಡು ಹೋಯ್ತು. ದೇಶಕ್ಕೆ ತರಕಾರಿ ಕೊಡೋ ಸೇಂಟ್ ಎಲಿಜಬೆತ್ ಪ್ರದೇಶದ ರೈತರು ಬೆಳೆ ಕಳೆದುಕೊಂಡರು. ಆದ್ರೆ ಒತ್ತಡ ಗೊತ್ತು ಮಾಡಿದ ಮಟ್ಟಕ್ಕೆ ಇಳಿದಿರಲಿಲ್ಲ. ಬಾಂಡ್‌ನಿಂದ ಸೊನ್ನೆ. ಮುಂದಿನ ವರ್ಷ ಅಕ್ಟೋಬರ್ 28ಕ್ಕೆ ಮೆಲಿಸ್ಸಾ ಬಂತು, ಐದನೇ ದರ್ಜೆಯದು. ಆಗ ಪೂರ್ತಿ 15 ಕೋಟಿ ಡಾಲರ್ ಸಿಕ್ತು.

ಅದೇ ಬಾಂಡ್, ಅದೇ ರೈತರು. ಹಾಗಾದ್ರೆ ಮೊದಲ ಸಲ ಮೋಸ ಆಯ್ತಾ? ನನ್ನ ಪ್ರಕಾರ ಇಲ್ಲ. ಮೀಟರ್ ನೋಡಿ ಕೊಡೋ ವಿಮೆಯಲ್ಲಿ ಸರ್ವೆಗೆ ಯಾರೂ ಬರಬೇಕಿಲ್ಲ, ಪಂಚನಾಮೆ ಬೇಡ, ದುಡ್ಡು ಬೇಗ ಬರುತ್ತೆ. ಅದಕ್ಕೆ ತೆರೋ ಬೆಲೆ ಏನಂದ್ರೆ, ಮೀಟರ್ ಹೇಳೋದಕ್ಕೂ ತೋಟದಲ್ಲಿ ಆಗೋದಕ್ಕೂ ಅಂತರ ಇದ್ದೇ ಇರುತ್ತೆ. ಜಮೈಕಾದವರಿಗೆ ಇದು ಗೊತ್ತಿತ್ತು. ಹಾಗಾಗಿ ಬಾಂಡ್ ಒಂದನ್ನೇ ನಂಬಿರಲಿಲ್ಲ. ಸಣ್ಣ ಹೊಡೆತಕ್ಕೆ ಸರ್ಕಾರದ ತುರ್ತು ನಿಧಿ, ಅದರ ಮೇಲೆ ಕೆರಿಬಿಯನ್ ದೇಶಗಳು 2007ರಲ್ಲಿ ಸೇರಿ ಮಾಡಿಕೊಂಡ ವಿಮಾ ನಿಧಿ, ತೀರಾ ದೊಡ್ಡದಕ್ಕೆ ಬಾಂಡ್. ಬೆರಿಲ್ ಬಂದಾಗ ಕೈ ಹಿಡಿದದ್ದು ಕೆಳಗಿನ ಪದರಗಳೇ. (ಈ ದುಡ್ಡೆಲ್ಲ ಹೋಗೋದು ಸರ್ಕಾರಕ್ಕೆ, ನೇರ ರೈತನ ಖಾತೆಗಲ್ಲ. ಅದು ಬೇರೆ ಜಗಳ.)

ನಮ್ಮ ಅಡಿಕೆ, ಮೆಣಸು, ದಾಳಿಂಬೆಯ ಹವಾಮಾನ ಆಧಾರಿತ ವಿಮೆಯ ಲೆಕ್ಕವೂ ಹೀಗೇ. ವಿಮಾ ಮೊತ್ತದ ಶೇ. 5ರವರೆಗೆ ನಾವು ಕಟ್ಟಬೇಕು, ಉಳಿದದ್ದು ಸರ್ಕಾರದ್ದು. ಪರಿಹಾರ ನಿರ್ಧಾರ ಆಗೋದು ಮಾಪಕದ ಅಂಕಿ ಮೇಲೆ. ಬೆಳೆ ಚೆನ್ನಾಗಿದ್ದ ವರ್ಷ ದುಡ್ಡು ಬಂದ್ರೂ ಬರಬಹುದು, ತೋಟ ಮಲಗಿದ ವರ್ಷ ಬರದೇನೂ ಇರಬಹುದು.

ನನಗೆ ಸಿಟ್ಟಿರೋದು ಎರಡು ಕಡೆ. ಒಂದು, ಟರ್ಮ್ ಶೀಟ್ ಕನ್ನಡದಲ್ಲಿ, ಪ್ರೀಮಿಯಂ ಕಟ್ಟೋ ಕೌಂಟರ್‌ನಲ್ಲೇ ಅಂಟಿಸಿರಬೇಕು. ಎರಡು, ಗಾಳಿಗೆ ಮರ ಕಳೆದುಕೊಳ್ಳೋ ಊರಲ್ಲಿ ಬರೀ ಮಳೆ ಅಳೆದರೆ ಸಾಲದು. ಗಾಳಿಯ ವೇಗವನ್ನೂ ಸೇರಿಸಿ ಅಂತ ತೋಟಗಾರಿಕೆ ಇಲಾಖೆಗೆ ಬರೆದು ಕೊಡಿ. ಒಬ್ಬರೇ ಹೋದರೆ ಅರ್ಜಿ ಮೂಲೆಗೆ ಬೀಳುತ್ತೆ, ಸಂಘದಿಂದ ಹೋಗಿ.

ನಾನಂತೂ ವಿಮೆ ಬಿಟ್ಟಿಲ್ಲ. ಈ ಸಲ ಟರ್ಮ್ ಶೀಟ್‌ನ ಫೋಟೋ ಫೋನಲ್ಲಿದೆ, ನಮ್ಮ ಪಂಚಾಯಿತಿಯ ಮಳೆ ಅಂಕಿ ಪಕ್ಕದಲ್ಲೇ ಬರೆದಿಟ್ಟುಕೊಳ್ತೀನಿ. ಗಾಳಿಗೆ ಅಂತ ಪ್ರತಿ ಕೊಯ್ಲಿನ ದುಡ್ಡಲ್ಲಿ ಸ್ವಲ್ಪ ಬೇರೆ ಖಾತೆಗೆ ಹಾಕ್ತಿದೀನಿ. ಅಪ್ಪ ಮಾತ್ರ ಇನ್ನೂ ಮೋಸ ಅಂತಾನೇ ಅಂತಾರೆ.